ವಿಷಯ: ತರಿಭೂಮಿಯೋ ಜೌಗು ಪ್ರದೇಶವೋ? ನಾಳೆ ಸಂಜೆಯೊಳಗೆ ಬೇಕು

ಸರಸ್ವತಿಪುರಂ, ಮೈಸೂರು:
ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಕೆರೆ ಏರಿಯ ಮೇಲೆ ಪರಿಸರ ವಿಜ್ಞಾನಿಯೊಬ್ಬರ ಮಾತು ಇಟ್ಟುಕೊಂಡಿದ್ದೇವೆ. ನೀರು ನಿಲ್ಲುವ ನೆಲ, ಅಲ್ಲಿ ಬದುಕುವ ಜೀವಿಗಳು, ಅದನ್ನೇ ನಂಬಿದ ಜನ, ಈ ಮೂರರ ನಂಟು ಅವರ ಸಂಶೋಧನೆ. ಬ್ಯಾನರ್ ಬರೆಸುವ ಕೆಲಸ ನನ್ನ ತಲೆಗೆ ಬಿದ್ದಿದೆ. ವೆಟ್‌ಲ್ಯಾಂಡ್‌ಗೆ ಏನು ಹಾಕಲಿ? ಪೇಪರಿನಲ್ಲಿ ಜಾಸ್ತಿ ಕಾಣುವುದು 'ಜೌಗು ಪ್ರದೇಶ'. 'ತರಿಭೂಮಿ', 'ಆರ್ದ್ರಭೂಮಿ' ಅಂತಲೂ ನೋಡಿದ್ದೇನೆ. ಬ್ಯಾನರ್ ಅಂಗಡಿ ನಾಳೆ ಆರಕ್ಕೆ ಬಾಗಿಲು ಹಾಕುತ್ತದೆ.

ಕುವೆಂಪುನಗರ:
ಆರ್ದ್ರಭೂಮಿ ಬೇಡ. ಯಾರ ಬಾಯಲ್ಲೂ ಇಲ್ಲ. ತರಿ ಹಾಕಿ. ಅಚ್ಚಗನ್ನಡ. ಮುಗಿಯಿತು.

ಪಾಂಡವಪುರ:
ಏನು ಮುಗಿಯಿತು ಸ್ವಾಮಿ? ತರಿ ಪಾರಸಿ. ಅಲ್ಲಿ 'ತರ್' ಎಂದರೆ ಒದ್ದೆ, 'ಖುಷ್ಕ್' ಎಂದರೆ ಒಣ. ಪಹಣಿ ತೆಗೆದು ನೋಡಿ, ತರಿ, ಖುಷ್ಕಿ, ಬಾಗಾಯ್ತು ಅಣ್ಣತಮ್ಮಂದಿರ ಹಾಗೆ ಕೂತಿರುತ್ತವೆ. ಕನ್ನಡದ 'ತರಿ' ಎಂದರೆ ಕಡಿ. ಇಲ್ಲವೇ ಅಕ್ಕಿ ತರಿ. ಉಪ್ಪಿಟ್ಟಿನ ಭೂಮಿ ಅಂತ ಬ್ಯಾನರ್ ಹಾಕಿಸುತ್ತೀರಾ?
ಇನ್ನೊಂದು ಮಾತು. ನಮ್ಮಪ್ಪ ಎರಡು ಎಕರೆ ತರಿ ಇಟ್ಟಿದ್ದರು ಎಂದರೆ ನಾಲೆ ನೀರಿನ ಭತ್ತದ ಗದ್ದೆ ಇತ್ತು ಎಂದರ್ಥ. ಕೊಕ್ಕರೆ ನೋಡಲು ಜನ ಬರುವ ಜಾಗ ಅಂತ ಯಾರೂ ತಿಳಿಯುವುದಿಲ್ಲ.

ಕುವೆಂಪುನಗರ:
ಪಾರಸಿಯೇ ಇರಲಿ, ಸವೆದು ಕನ್ನಡವಾಗಿದೆ. ಜಮೀನು, ಜಿಲ್ಲೆ, ತಾಲ್ಲೂಕು ಎಲ್ಲ ವಾಪಸು ಕೊಟ್ಟುಬಿಡುತ್ತೀರಾ?

ಪಾಂಡವಪುರ:
ಅರ್ಧ ಗಂಟೆ ಹಿಂದೆ ಅಚ್ಚಗನ್ನಡ ಅಂದವರು ನೀವೇ ಅಲ್ವಾ?

ಮದ್ದೂರು:
ಇಬ್ಬರೂ ಸ್ವಲ್ಪ ಸುಮ್ನಿರಿ. ಕೇಳಿದವರಿಗೆ ನಾಳೆ ಬೇಕಂತೆ.
ಜೌಗು ಎನ್ನುವುದು ನಮ್ಮ ಕಡೆ ರೋಗದ ಹೆಸರು. ನಾಲೆಯ ಬಸಿನೀರು ಗದ್ದೆಗೆ ಇಳಿದು, ಕಾಲಿಟ್ಟರೆ ಮೊಣಕಾಲವರೆಗೆ ಹೂತು, ಕಬ್ಬಿನ ಬೇರು ಕೊಳೆತರೆ 'ಜೌಗು ಹಿಡಿಯಿತು' ಎನ್ನುತ್ತೇವೆ. ಬೇಸಿಗೆಯಲ್ಲಿ ಅದೇ ಗದ್ದೆಯ ಮೇಲೆ ಸುಣ್ಣ ಬಳಿದ ಹಾಗೆ ಚೌಳು ಏಳುತ್ತದೆ. ಆ ಪದ ಕಿವಿಗೆ ಬಿದ್ದ ಕೂಡಲೇ ಬಸಿಗಾಲುವೆ ತೋಡಬೇಕು, ಮಣ್ಣು ಹೊಡೆಸಬೇಕು ಅನ್ನಿಸುತ್ತದೆ. 'ಜೌಗು ಉಳಿಸಿ' ಅಂತ ಬರೆದರೆ ನಮ್ಮ ಮಾವ ಬ್ಯಾನರ್ ಮುಂದೆ ನಿಂತು ನಗುತ್ತಾರೆ.
ಇಲ್ಲೇ ಕೊಕ್ಕರೆ ಬೆಳ್ಳೂರು ನೋಡಿ. ಹೆಜ್ಜಾರ್ಲೆ ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರದಲ್ಲಿ. ಮೀನಿಗೆ ಹೋಗುವುದು ಸುತ್ತಲ ಕೆರೆಗಳಿಗೆ, ಶಿಂಷಾ ಹೊಳೆಗೆ. ಮರದ ಕೆಳಗೆ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರ. ನಿಮ್ಮ ವಿಜ್ಞಾನಿ ಹೇಳುವ ನಂಟು ಇದೇ ಇರಬೇಕು. ಇದರಲ್ಲಿ ಜೌಗು ಎಲ್ಲಿದೆ?

ಶ್ರೀರಂಗಪಟ್ಟಣ:
ಮದ್ದೂರಿನ ಅಕ್ಕ ಹೇಳಿದ್ದು ಸರಿ. ರಂಗನತಿಟ್ಟನ್ನೇ ತೆಗೆದುಕೊಳ್ಳಿ. 2022ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ವೆಟ್‌ಲ್ಯಾಂಡ್‌ಗಳ ಪಟ್ಟಿಗೆ ಸೇರಿತು, ಕರ್ನಾಟಕದಿಂದ ಮೊದಲನೆಯದು. ಅದು ಹರಿಯುವ ಕಾವೇರಿ, ನಡುವೆ ತಿಟ್ಟುಗಳು. ಆ ತಿಟ್ಟುಗಳಾದರೂ 17ನೇ ಶತಮಾನದಲ್ಲಿ ಒಡೆಯರು ಕಟ್ಟಿಸಿದ ಅಡ್ಡಗಟ್ಟೆಯಿಂದ ಆದದ್ದು.
1971ರ ರಾಮ್ಸಾರ್ ಒಪ್ಪಂದದಲ್ಲಿ ನಿಂತ ನೀರು, ಹರಿಯುವ ನೀರು, ತಾನಾಗಿ ಆದದ್ದು, ಮನುಷ್ಯ ಮಾಡಿದ್ದು ಎಲ್ಲವೂ ವೆಟ್‌ಲ್ಯಾಂಡೇ. ಕಡಲಂಚಿನಲ್ಲಿ ಇಳಿತದ ಹೊತ್ತಿಗೆ 6 ಮೀಟರ್ ಆಳದವರೆಗೂ ಲೆಕ್ಕ. ಭತ್ತದ ಗದ್ದೆಯೂ ಒಳಗೆ. ನಮ್ಮ ದೇಶದ 2017ರ ನಿಯಮ ಮಾತ್ರ ಗದ್ದೆಯನ್ನೂ ನದಿಪಾತ್ರವನ್ನೂ ಹೊರಗಿಟ್ಟಿದೆ. ಹಾಗಾಗಿ ತರಿಯವರು ರಾಮ್ಸಾರಿನಲ್ಲಿ ಗೆದ್ದು ದೆಹಲಿಯಲ್ಲಿ ಸೋಲುತ್ತಾರೆ.
ನನ್ನ ಸಲಹೆ: ನೀರ್ನೆಲ.

ಕುವೆಂಪುನಗರ:
ಕೃತಕ. ತಿರಸ್ಕೃತ.

ಪಾಂಡವಪುರ:
'ತಿರಸ್ಕೃತ'ಕ್ಕೆ ಅಚ್ಚಗನ್ನಡ ಏನು ಸ್ವಾಮಿ?

ಶ್ರೀರಂಗಪಟ್ಟಣ:
ಮುಂಗಾರು, ಹಿಂಗಾರು ಮಾಡಿದವರೂ ಎರಡು ಪದ ಜೋಡಿಸಿಯೇ ಮಾಡಿದ್ದು. ಒಂದಷ್ಟು ಸಲ ಅಂದರೆ ನಾಲಿಗೆಗೆ ಹತ್ತುತ್ತದೆ.

ಮದ್ದೂರು:
ನೀರ್ನೆಲ ಚೆನ್ನಾಗಿದೆ, ಆದರೆ ಬ್ಯಾನರ್ ಓದುವವರು ಸ್ಕೂಟರ್ ಮೇಲೆ ಹೋಗುತ್ತಿರುತ್ತಾರೆ. ಒಂದೇ ಪದದಲ್ಲಿ ಯಾಕೆ ಹೇಳಬೇಕು? ಕೆರೆ, ಹೊಳೆ, ಗದ್ದೆ ಅಂತ ಬಿಡಿಸಿ ಬರೆಯಿರಿ. ಆ ಮೂರೂ ಯಾರಪ್ಪನ ಸಾಲವೂ ಅಲ್ಲ.

ಸರಸ್ವತಿಪುರಂ, ಮೈಸೂರು:
ಎಲ್ಲರಿಗೂ ಧನ್ಯವಾದ. ಈಗಷ್ಟೇ ಅಂಗಡಿಯಿಂದ ಬಂದೆ. ಮೇಲೆ ದಪ್ಪಗೆ 'ಕೆರೆ ಹೊಳೆ ಗದ್ದೆ', ಕೆಳಗೆ 'ನೀರ್ನೆಲದ ಜೀವಜಾಲ ಮತ್ತು ನಾವು'. ಬ್ಯಾನರಿನ ಹುಡುಗ 'ನೀರ್ನೆಲ' ಯಾವ ಊರು ಸಾರ್ ಅಂತ ಕೇಳಿದ.

ಪಾಂಡವಪುರ:
ಜೀವಜಾಲ ಯಾಕೆ ಹಾಕಿದಿರಿ? ಎಕೋಸಿಸ್ಟಮ್‌ನಲ್ಲಿ ಮಣ್ಣು, ನೀರು, ಬಿಸಿಲೂ ಬರುತ್ತವೆ, ಬರೀ ಜೀವಿಗಳಲ್ಲ. ಮೊದಲೇ ಕೇಳಬಾರದಿತ್ತಾ?

ಕುವೆಂಪುನಗರ:
ಅದಕ್ಕೆ ಬೇರೆ ಎಳೆ ತೆರೆಯಿರಿ. ಮತ್ತೆ ಆ 'ಮತ್ತು' ಯಾಕೆ?