ಅಪ್‌ಡೇಟ್: ತ್ಸುಗ್‌ಶ್ಪಿಟ್ಸೆ ಹತ್ತಿ ಬಂದೆವು

ಜರ್ಮನಿ-ಆಸ್ಟ್ರಿಯಾ ಗಡಿಯ ತ್ಸುಗ್‌ಶ್ಪಿಟ್ಸೆ ಶಿಖರಕ್ಕೆ (2962 ಮೀಟರ್) ಮೊದಲ ಸಲ ಹೋಗುವವರಿಗೆ ಹ್ಯೋಲೆಂಟಾಲ್ ದಾರಿಯೋ, ರೈನ್‌ಟಾಲ್ ದಾರಿಯೋ ಎಂದು ಕೇಳಿದ್ದೆ. ಹಿಮನದಿ, ಕಬ್ಬಿಣದ ಮೆಟ್ಟಿಲು ಎರಡೂ ಇರುವ ಹ್ಯೋಲೆಂಟಾಲ್ ಈಗಲೇ ಬೇಡ ಅಂದಿರಿ. ನಿಮ್ಮ ಮಾತು ಕೇಳಿದ್ದು ಒಳ್ಳೆಯದಾಯಿತು.

ರೈನ್‌ಟಾಲ್‌ನಲ್ಲಿ ಎರಡು ದಿನ ನಡೆದೆವು. ದಾರಿ ಉದ್ದ, ಇಪ್ಪತ್ತು ಕಿಲೋಮೀಟರಿಗೂ ಜಾಸ್ತಿ, ಆದರೆ ಕೊನೆಯ ಏರು ಬಿಟ್ಟರೆ ಕಷ್ಟವಿಲ್ಲ. ರಾತ್ರಿ ರೈನ್‌ಟಾಲಾಂಗರ್ ಹ್ಯುಟ್ಟೆಯಲ್ಲಿ (ಹ್ಯುಟ್ಟೆ ಅಂದರೆ ಬೆಟ್ಟದ ತಂಗುಮನೆ) ಉಳಿದೆವು. ಪಕ್ಕದಲ್ಲೇ ಪಾರ್ಟ್ನಾಖ್ ಹೊಳೆ ಹರಿಯುತ್ತದೆ.

ನೀರಿನ ವಿಷಯ ಮಾತ್ರ ನಾನು ಯೋಚಿಸಿಯೇ ಇರಲಿಲ್ಲ. ಇಡೀ ಬೆಟ್ಟ ಸುಣ್ಣಕಲ್ಲು. ಮೇಲಿನ ಪ್ಲಾಟ್ ಎಂಬ ಬಯಲಲ್ಲಿ ಬಿದ್ದ ಮಳೆ, ಕರಗಿದ ಹಿಮ ಎಲ್ಲವೂ ಬಂಡೆಯ ಬಿರುಕಿನೊಳಗೆ ಇಳಿದುಹೋಗುತ್ತದೆ. ಅದೇ ನೀರು ಕೆಳಗೆ ಪಾರ್ಟ್ನಾಖ್ ಆಗಿ ಹೊರಬರುತ್ತದೆ! ಕ್ನೋರ್‌ಹ್ಯುಟ್ಟೆ (2051 ಮೀಟರ್) ದಾಟಿದ ಮೇಲೆ ನಮಗೆ ಒಂದು ತೊರೆಯೂ ಸಿಗಲಿಲ್ಲ. ದಯವಿಟ್ಟು ಅಲ್ಲೇ ಬಾಟಲಿ ತುಂಬಿಸಿಕೊಳ್ಳಿ.

ಕೊನೆಯ ಏರು ಸಡಿಲ ಜಲ್ಲಿ. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದೆ ಜಾರುತ್ತದೆ. ಆಮೇಲೆ ಉಕ್ಕಿನ ಹಗ್ಗ ಹಿಡಿದು ಬಂಡೆ ಹತ್ತಬೇಕು. ಅಲ್ಲಿ ಹೆಲ್ಮೆಟ್ ಹಾಕಿಕೊಂಡಿದ್ದೇ ಧೈರ್ಯ.

ಚಿನ್ನದ ಬಣ್ಣದ ಶಿಲುಬೆ ಮುಟ್ಟಿದಾಗ ಕಣ್ಣು ತುಂಬಿ ಬಂತು. ಇಳಿಯುವಾಗ ಮಂಡಿ ನೋವು, ಕೇಬಲ್ ಕಾರ್ ಹತ್ತಿ ಕೆಳಗಿನ ಐಬ್‌ಸೇ ಸರೋವರಕ್ಕೆ ಬಂದೆವು. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.