ಸಹಾಯ ಬೇಕು: ತುಮಕೂರಿನಲ್ಲಿ ಟಿವಿ ಕ್ಯಾಲಿಬ್ರೇಶನ್ (ಬಣ್ಣ, ಬೆಳಕನ್ನು ಅಳೆದು ಸರಿಹೊಂದಿಸುವುದು) ಮಾಡುವವರು, ಇಲ್ಲವೇ ಬಾಡಿಗೆಗೆ ಬಣ್ಣ ಅಳೆಯುವ ಮೀಟರ್

ನಮಸ್ಕಾರ. 55 ಇಂಚಿನ ಓಎಲ್ಇಡಿ ಟಿವಿ, ಮನೆ ಸಿದ್ಧಗಂಗಾ ಬಡಾವಣೆ ಕಡೆ. ಕಣ್ಣಳತೆಯಲ್ಲಿ ಆಗುವುದೆಲ್ಲ ಮುಗಿದಿದೆ: ಫಿಲ್ಮ್‌ಮೇಕರ್ ಮೋಡ್, ಕಲರ್ ಟೆಂಪರೇಚರ್ ವಾರ್ಮ್ 2, ಎನರ್ಜಿ ಸೇವಿಂಗ್ ಆಫ್, ಶಾರ್ಪ್‌ನೆಸ್ 0. ಎವಿಎಸ್ ಎಚ್‌ಡಿ 709 ಎಂಬ ಪರೀಕ್ಷಾ ಚಿತ್ರಗಳನ್ನು (ಪ್ಯಾಟರ್ನ್) ಪೆನ್‌ಡ್ರೈವ್‌ನಲ್ಲಿ ಹಾಕಿ ಬ್ರೈಟ್‌ನೆಸ್ ಕೂರಿಸಿದೆ. 16ನೇ ಪಟ್ಟಿ ಪೂರ್ತಿ ಕಪ್ಪು, 17 ಕಂಡೂ ಕಾಣದ ಹಾಗಿದೆ, ಇರಬೇಕಾದ್ದೂ ಹಾಗೇ.

ತೊಂದರೆ ಇರುವುದು ಬೂದು ಬಣ್ಣದಲ್ಲಿ. 30% ಗ್ರೇ (ಕಡು ಬೂದು) ಪ್ಯಾಟರ್ನ್ ಹಸಿರಿಗೆ ತಿರುಗುತ್ತದೆ, 80% (ತಿಳಿ ಬೂದು) ಸರಿಯಿದೆ. ಇದಕ್ಕೆ ಮೀಟರ್ ಬೇಕೇ ಬೇಕು, ಕಣ್ಣು ಎರಡೇ ನಿಮಿಷದಲ್ಲಿ ತಪ್ಪು ಬಿಳಿಗೂ ಒಗ್ಗಿಹೋಗುತ್ತದೆ. ಬೇರೆಯವರ ಟಿವಿಯ ವೈಟ್ ಬ್ಯಾಲೆನ್ಸ್ (ಬಿಳಿ, ಬೂದಿನ ಛಾಯೆ ಸರಿಪಡಿಸುವ ಸೆಟ್ಟಿಂಗ್) ಅಂಕಿ ದಯವಿಟ್ಟು ಕಳಿಸಬೇಡಿ. ಒಂದೇ ಮಾಡೆಲ್ ಆದರೂ ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ವ್ಯತ್ಯಾಸ ಇರುತ್ತದೆ.

ಐ1 ಡಿಸ್‌ಪ್ಲೇ ಪ್ರೊ ಥರದ ಕಲರಿಮೀಟರ್ (ಬಣ್ಣ ಅಳೆಯುವ ಮೀಟರ್) ವಾರಾಂತ್ಯಕ್ಕೆ ಬಾಡಿಗೆಗೆ ಸಿಕ್ಕರೆ ಎಚ್‌ಸಿಎಫ್‌ಆರ್ ಎಂಬ ಕ್ಯಾಲಿಬ್ರೇಶನ್ ತಂತ್ರಾಂಶದಲ್ಲಿ ನಾನೇ ಮಾಡಿಕೊಳ್ಳುತ್ತೇನೆ. ಎಸ್‌ಡಿಆರ್‌ಗೆ (ಸಾಮಾನ್ಯ ವಿಡಿಯೊ) ಗುರಿ: ಡಿ65 (ಹಗಲು ಬೆಳಕಿನ ಪ್ರಮಾಣಿತ) ಬಿಳಿ, ಗಾಮಾ (ಕಪ್ಪಿನಿಂದ ಬಿಳಿಗೆ ಬೆಳಕು ಏರುವ ರೀತಿ) 2.4, ಹೊಳಪು 100 ನಿಟ್ಸ್, ಡೆಲ್ಟಾ ಇ (ಬಣ್ಣದ ತಪ್ಪಿನ ಅಳತೆ) 3ರೊಳಗೆ.

ಬೆಂಗಳೂರಿನಿಂದ ಬರುವವರಿದ್ದರೂ ಸರಿ, ಹೋಗಿಬರುವ ಖರ್ಚು ಕೊಡುತ್ತೇನೆ. ಆದರೆ ಎಸ್‌ಡಿಆರ್, ಎಚ್‌ಡಿಆರ್ (ಹೆಚ್ಚು ಹೊಳಪಿನ ವಿಡಿಯೊ) ಎರಡನ್ನೂ ಬೇರೆಬೇರೆಯಾಗಿ ಅಳೆಯಬೇಕು, ಮೊದಲಿನ ಮತ್ತು ನಂತರದ ಗ್ರಾಫ್ ಕೊಡಬೇಕು. ರಿಮೋಟ್ ಹಿಡಿದು "ಕಲರ್ ಚೆನ್ನಾಗಿ ಬಂತಲ್ಲ ಸಾರ್" ಅನ್ನುವವರು ಬೇಡ. ಗೊತ್ತಿದ್ದವರು ಅಂದಾಜು ದರವನ್ನೂ ಹೇಳಿ.