ಬಿರುಕಿನ ಮರದ ಹೂದಾನಿ: ಒಳಗೆ ಕೊರೆಯಲಾ, ಇಲ್ಲಿಗೇ ನಿಲ್ಲಿಸಲಾ?

ಎಲ್ಲರಿಗೂ ನಮಸ್ಕಾರ. ಲೇತ್‌ನಲ್ಲಿ (ಮರವನ್ನು ತಿರುಗಿಸುತ್ತಾ ಕಡೆಯುವ ಯಂತ್ರ) ಮರ ಕಡೆದು ಅಭ್ಯಾಸ ಇರುವವರ ಸಲಹೆ ಬೇಕಿತ್ತು.

ಸೌದೆ ರಾಶಿಯಿಂದ ಎತ್ತಿಕೊಂಡ ಮಾವಿನ ತುಂಡು ಇದು. ಉದ್ದ 25 ಸೆಂ.ಮೀ., ದಪ್ಪ 14. ಹೊರಗಿನ ಆಕಾರ ಬಂದಿದೆ, ನೋಡೋಕೆ ಚೆನ್ನಾಗೇ ಇದೆ. ಆದರೆ ಹೊಟ್ಟೆಯ ಭಾಗದಲ್ಲಿ ಒಂದು ದೊಡ್ಡ ಗಂಟು. ಅದರ ಅಂಚಿನಿಂದ ಬಾಯಿಯವರೆಗೂ ಬಿರುಕು ಓಡಿದೆ. ಉಗುರು ಸಲೀಸಾಗಿ ಒಳಗೆ ಹೋಗುತ್ತೆ. ಪಕ್ಕದಲ್ಲೇ ಹುಳು ಕೊರೆದ ತೂತುಗಳು, ಬೆರಳಲ್ಲಿ ತಟ್ಟಿದರೆ ಹಿಟ್ಟಿನಂಥ ಪುಡಿ ಉದುರುತ್ತೆ. ಇವೆಲ್ಲ ಕಾಣಬೇಕು ಅಂತಲೇ ನನ್ನ ಆಸೆ. ಇಲ್ಲದಿದ್ದರೆ ನುಣ್ಣಗಿನ ಮರವನ್ನೇ ತಗೋಬಹುದಿತ್ತು, ಅಲ್ವಾ?

ತೂತುಗಳಿಗೆ ತೆಳು ಸೂಪರ್ ಗ್ಲೂ ಬಿಟ್ಟೆ, ಗಟ್ಟಿಯಾದವು. ಬಿರುಕಿಗೆ ಎಪಾಕ್ಸಿ ಅಂಟಿನಲ್ಲಿ ಕಾಫಿಪುಡಿ ಕಲಸಿ ತುಂಬೋಣ ಅಂದುಕೊಂಡಿದ್ದೇನೆ. ಆದರೆ ಮರ ಇನ್ನೂ ಪೂರ್ತಿ ಒಣಗಿಲ್ಲ. ಕಡೆಯುವಾಗ ಸಿಪ್ಪೆ ಕೈಗೆ ತಣ್ಣಗೆ ತಾಗುತ್ತಿತ್ತು. ಈಗಲೇ ತುಂಬಿದರೆ ಮರ ಕುಗ್ಗಿದಾಗ ಪಕ್ಕದಲ್ಲೇ ಮತ್ತೆ ಸೀಳುತ್ತಾ? ಒಳಗೆ ಒರಟಾಗಿ ಕೊರೆದು, ಗೋಡೆ ದಪ್ಪಗೇ ಬಿಟ್ಟು, ಕಾಗದದ ಚೀಲದಲ್ಲಿ ಕೆಲವು ತಿಂಗಳು ಒಣಗಿಸೋದು ವಾಸಿನಾ?

ಇನ್ನೊಂದು ಭಯ. ಗಂಟಿನ ಕಡೆ ಭಾರ ಜಾಸ್ತಿ, ನಿಮಿಷಕ್ಕೆ 700 ಸುತ್ತು ದಾಟಿದರೆ ಲೇತ್ ಗಡಗಡ ಅನ್ನುತ್ತೆ. ಮೊನ್ನೆ ಉಳಿ ಬಿರುಕಿಗೆ ಸಿಕ್ಕಿ ಒಂದು ಚಕ್ಕೆ ಹಾರಿ ಮುಖದ ಶೀಲ್ಡ್‌ಗೆ ಬಡಿಯಿತು. ಆಮೇಲೆ ಮುಟ್ಟಿಲ್ಲ. ಹೊರಗೆ ಟೇಪ್ ಬಿಗಿಯಾಗಿ ಸುತ್ತಿ ಒಳಗೆ ಕೊರೆದವರು ಯಾರಾದ್ರೂ ಇದ್ದೀರಾ? ಅದು ನಂಬುವ ಹಾಗಿದೆಯಾ?

ನೀರು ಹಾಕೋದಿಲ್ಲ, ಒಣ ಹೂವಿಗಷ್ಟೇ. ಫೋಟೋ ಬೇಕಿದ್ದರೆ ಹೇಳಿ, ಹಾಕ್ತೇನೆ.